ಎದುವಾರ್ ಲೂಕಾ ಮತ್ತು ಮೂವತ್ತೊಂಬತ್ತು ಅಂಕಿಗಳ ಅವಿಭಾಜ್ಯ ಸಂಖ್ಯೆ

170141183460469231731687303715884105727. ಇದು ಮೂವತ್ತೊಂಬತ್ತು ಅಂಕಿಗಳ ಸಂಖ್ಯೆ. 127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ ದೊರೆಯುವ ಸಂಖ್ಯೆಯೂ ಹೌದು. ಗಣಿತಜ್ಞರು ಇದನ್ನು 2¹²⁷ − 1 ಎಂದು ಬರೆಯುತ್ತಾರೆ. ಛಂದಸ್ಸಿನ ವಿದ್ಯಾರ್ಥಿಗಳು ಇದನ್ನೇ ತಮ್ಮ ಪರಿಭಾಷೆಯಲ್ಲಿ ಗ್ರಹಿಸಬಹುದು. ಒಂದು ಪಾದಕ್ಕೆ 127 ಅಕ್ಷರಗಳಿರುವ ವೃತ್ತವೊಂದನ್ನು ಕಲ್ಪಿಸಿಕೊಂಡು ಅದರ ಪ್ರಸ್ತಾರವನ್ನು ಹಾಕಿದರೆ, ಸರ್ವಗುರುವಾದ ಮೊದಲ ರೂಪವನ್ನು ಬಿಟ್ಟು ಉಳಿಯುವ ರೂಪಗಳ ಎಣಿಕೆ ಇಷ್ಟೇ ಆಗುತ್ತದೆ. ಈ ಸಂಖ್ಯೆಯನ್ನು ಅದರಿಂದಲೂ ಒಂದರಿಂದಲೂ ಹೊರತು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗಿಸಲು ಬರುವುದಿಲ್ಲ, ಅಂದರೆ ಇದು ಅವಿಭಾಜ್ಯ ಸಂಖ್ಯೆ ಎಂದು 1876ರಲ್ಲಿ ಫ್ರಾನ್ಸಿನ ಶಾಲಾ ಅಧ್ಯಾಪಕನೊಬ್ಬ ಸಾರಿದನು. ಆತನಿಗೆ ಆಗ ಮೂವತ್ತು ದಾಟಿದ ವಯಸ್ಸು. ಯಂತ್ರದ ನೆರವು ಅವನಿಗೆ ಇರಲಿಲ್ಲ. ಮುಂದಿನ ಎಪ್ಪತ್ತೈದು ವರ್ಷಗಳ ಕಾಲ ಇದಕ್ಕಿಂತ ದೊಡ್ಡದಾದ ಅವಿಭಾಜ್ಯ ಸಂಖ್ಯೆಯನ್ನು ಜಗತ್ತು ಕಾಣಲಿಲ್ಲ.

ಆ ಅಧ್ಯಾಪಕನ ಹೆಸರು ಫ್ರಾಂಸ್ವಾ ಎದುವಾರ್ ಅನಾತೋಲ್ ಲೂಕಾ. ಇಂಗ್ಲಿಷಿನ ಮೂಲಕ ಗಣಿತವನ್ನು ಓದಿದವರು ಲೂಕಾಸ್ ಎಂದು ಉಚ್ಚರಿಸುವುದೂ ಉಂಟು. ಆತನ ಕೀರ್ತಿಯಲ್ಲಿ ಒಂದು ವಿಚಿತ್ರವಿದೆ. ಗಣಿತವನ್ನು ಎಂದೂ ಓದದವರಿಗೂ ಆತ ರಚಿಸಿದ ಒಂದು ಆಟಿಕೆ ಗೊತ್ತು. ಆದರೆ ಆ ಆಟಿಕೆ ಯಾರದೆಂದು ಗೊತ್ತಿಲ್ಲ. ಗಣಕಯಂತ್ರದ ವಿದ್ಯಾರ್ಥಿಗಳಿಗೆ ಆತನ ಪರೀಕ್ಷಾಕ್ರಮ ಗೊತ್ತು. ಆದರೆ ಗಣಕಯಂತ್ರ ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ ಆತ ತೀರಿಹೋಗಿದ್ದನೆಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ.

ಲೂಕಾ ಹುಟ್ಟಿದ್ದು 1842ರ ಏಪ್ರಿಲ್ 4ರಂದು, ಉತ್ತರ ಫ್ರಾನ್ಸಿನ ಆಮಿಯೇನ್ ನಗರದಲ್ಲಿ. ಅದು ನೇಯ್ಗೆಗೆ, ವಿಶೇಷವಾಗಿ ಮಖಮಲ್ಲಿನ ನೇಯ್ಗೆಗೆ ಹೆಸರಾದ ಊರು. ಊರಿನ ಶಾಲೆಯಲ್ಲಿ ಓದಿ, 1861ರಲ್ಲಿ ಆತ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಸುಪೀರಿಯರನ್ನು ಸೇರಿದನು. ದೇಶದ ಪ್ರೌಢಶಾಲೆಗಳಿಗೂ ವಿಶ್ವವಿದ್ಯಾಲಯಗಳಿಗೂ ಅಧ್ಯಾಪಕರನ್ನು ಸಿದ್ಧಪಡಿಸುವ ಸಂಸ್ಥೆ ಅದು. ಪ್ರವೇಶ ಸ್ಪರ್ಧೆ ಬಲು ಕಠಿಣವಾದುದು.

1867ರಲ್ಲಿ ಪ್ರಕಟವಾದ ಆತನ ಮೊದಲ ಬರಹಗಳಲ್ಲೊಂದು ನೇಯ್ಗೆಯನ್ನು ಕುರಿತದ್ದು ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸ್ಯಾಟಿನ್ ಬಟ್ಟೆಯ ನುಣುಪು ಅದರ ಹಾಸು ಹೊಕ್ಕುಗಳ ವಿನ್ಯಾಸದಿಂದ ಬರುತ್ತದೆ. ಹಾಸಿನ ಐದು ಎಳೆಗಳ ಒಂದು ಗುಂಪನ್ನು ತೆಗೆದುಕೊಂಡರೆ, ಹೊಕ್ಕಿನ ಪ್ರತಿಯೊಂದು ಎಳೆಯೂ ಅವುಗಳಲ್ಲಿ ಒಂದನ್ನು ಮಾತ್ರ ಕಟ್ಟುತ್ತದೆ. ಮುಂದಿನ ಸಾಲಿನಲ್ಲಿ ಕಟ್ಟು ಎರಡು ಎಳೆ ಬಲಕ್ಕೆ ಜರುಗುತ್ತದೆ. ಹೀಗೆ ಎರಡೆರಡು ಜರುಗಿ ಐದು ಸಾಲು ಮುಗಿಯುವುದರೊಳಗೆ ಐದೂ ಎಳೆಗಳು ಒಂದೊಂದು ಸಲ ಕಟ್ಟಲ್ಪಟ್ಟಿರುತ್ತವೆ. ಆರು ಎಳೆಗಳ ಗುಂಪಿನಲ್ಲಿ ಎರಡೆರಡು ಜರುಗಿದರೆ ಮೂರು ಎಳೆಗಳು ಕೊನೆಯವರೆಗೂ ಬಿಡಿಯಾಗಿಯೇ ಉಳಿಯುತ್ತವೆ; ಒಂದೊಂದೇ ಜರುಗಿದರೆ ಸ್ಯಾಟಿನ್ ಆಗದೆ ಓರೆಗೆರೆಯ ಬಟ್ಟೆಯಾಗುತ್ತದೆ. ಆರರೊಡನೆ ಸಾಮಾನ್ಯ ಭಾಜಕವಿಲ್ಲದ, ಒಂದೂ ಅಲ್ಲದ ಐದೂ ಅಲ್ಲದ ಸಂಖ್ಯೆ ಅದರ ಕೆಳಗೆ ಇಲ್ಲವಾದುದರಿಂದ ಆರು ಎಳೆಗಳ ಕ್ರಮಬದ್ಧ ಸ್ಯಾಟಿನ್ನೇ ಸಾಧ್ಯವಿಲ್ಲ. ನೇಕಾರನಿಗೆ ಅನುಭವದಿಂದ ಗೊತ್ತಿದ್ದ ಸಂಗತಿಗೆ ಲೂಕಾ ಅಂಕಗಣಿತದ ಕಾರಣವನ್ನು ಕೊಟ್ಟನು. ಎಳೆಗಳನ್ನು ಚೌಕಗಳ ಹಾಳೆಯ ಮೇಲೆ ಗುರುತಿಸುವ, ಕೊನೆ ಮುಟ್ಟಿದ್ದು ಮತ್ತೆ ಮೊದಲಿಗೆ ಸುತ್ತಿಬರುವ ಈ ಲೆಕ್ಕದ ರೀತಿ ಆತನ ಮುಂದಿನ ದೊಡ್ಡ ಕೆಲಸದಲ್ಲಿ ಬೇರೆ ರೂಪದಲ್ಲಿ ಮರಳಿ ಬರುತ್ತದೆ.

ವ್ಯಾಸಂಗ ಮುಗಿಸಿದ ಲೂಕಾ ಪ್ಯಾರಿಸ್ಸಿನ ಖಗೋಳ ವೀಕ್ಷಣಾಲಯದಲ್ಲಿ ಕೆಲಸಕ್ಕೆ ಸೇರಿದನು. ನೆಪ್ಚೂನ್ ಗ್ರಹವಿರುವ ಸ್ಥಾನವನ್ನು 1846ರಲ್ಲಿ ಲೆಕ್ಕದಿಂದಲೇ ಸೂಚಿಸಿದ ಲವೆರಿಯೆ ಆಗ ಅಲ್ಲಿನ ನಿರ್ದೇಶಕ. ದೀರ್ಘವಾದ ಲೆಕ್ಕಗಳನ್ನು ತಪ್ಪಿಲ್ಲದೆ ಮಾಡುವುದೇ ಅಂದಿನ ವೀಕ್ಷಣಾಲಯಗಳ ನಿತ್ಯದ ದುಡಿಮೆ. 1870ರಲ್ಲಿ ಪ್ರಷ್ಯದೊಡನೆ ಯುದ್ಧ ಹತ್ತಿದಾಗ ಲೂಕಾ ಫಿರಂಗಿದಳದ ಅಧಿಕಾರಿಯಾಗಿ ಹೋದನು. ಫ್ರಾನ್ಸ್ ಸೋತಿತು. ಯುದ್ಧ ಮುಗಿದ ಮೇಲೆ ಆತ ವೀಕ್ಷಣಾಲಯಕ್ಕೆ ಮರಳದೆ ಅಧ್ಯಾಪನಕ್ಕೆ ಬಂದನು. ಮೊದಲು ಮಧ್ಯ ಫ್ರಾನ್ಸಿನ ಮೂಲಾಂ ಪಟ್ಟಣದ ಲಿಸೆಯಲ್ಲಿ, ಅನಂತರ ಪ್ಯಾರಿಸ್ಸಿನ ಶಾರ್ಲಮಾಞ್ ಮತ್ತು ಸೇಂ ಲೂಯಿ ಲಿಸೆಗಳಲ್ಲಿ ಗಣಿತವನ್ನು ಕಲಿಸಿದನು. ಲಿಸೆ ಎಂದರೆ ಪ್ರೌಢಶಾಲೆಯೂ ಪದವಿಪೂರ್ವ ತರಗತಿಗಳೂ ಸೇರಿದಂತಹ ವಿದ್ಯಾಲಯ. ವಿಶ್ವವಿದ್ಯಾಲಯದ ಪೀಠ ಆತನಿಗೆ ಕೊನೆಯವರೆಗೂ ಒದಗಲಿಲ್ಲ. ಅಂದಿನ ಫ್ರೆಂಚ್ ಗಣಿತದಲ್ಲಿ ಮನ್ನಣೆಯಿದ್ದದ್ದು ಕಲನಶಾಸ್ತ್ರಕ್ಕೆ, ಫಲನಗಳ ಸಿದ್ಧಾಂತಕ್ಕೆ. ಬಿಡಿ ಸಂಖ್ಯೆಗಳನ್ನು ಹಿಡಿದು ಕೂಡುವ ಕಳೆಯುವ ವಿದ್ಯೆ ಹಳೆಯದೆನಿಸಿತ್ತು.

ಮೂಲಾಂ ಪಟ್ಟಣದ ಆ ವರ್ಷಗಳಲ್ಲೇ ಲೂಕಾನ ಅತ್ಯುತ್ತಮ ಕೆಲಸ ನಡೆಯಿತು. ಅದರ ಹಿನ್ನೆಲೆ ಎರಡು ಶತಮಾನಗಳಷ್ಟು ಹಿಂದಿನದು. ಮರೆನ್ ಮೆರ್ಸೆನ್ (1588–1648) ಎಂಬ ಕ್ರೈಸ್ತ ಸಂನ್ಯಾಸಿ 1644ರಲ್ಲಿ ಹೊರತಂದ ಗ್ರಂಥವೊಂದರ ಮುನ್ನುಡಿಯಲ್ಲಿ, ಎರಡರ ಯಾವ ಯಾವ ಘಾತಗಳಿಂದ ಒಂದನ್ನು ಕಳೆದರೆ ಅವಿಭಾಜ್ಯ ಸಂಖ್ಯೆ ಬರುತ್ತದೆಂಬುದಕ್ಕೆ ಒಂದು ಪಟ್ಟಿ ಕೊಟ್ಟಿದ್ದನು: 2, 3, 5, 7, 13, 17, 19, 31, 67, 127, 257. ಇದಕ್ಕೆ ಸಾಧನೆಯನ್ನು ಕೊಡಲಿಲ್ಲ. 31ರ ವಿಷಯವನ್ನು ಆಯ್ಲರ್ 1772ರಲ್ಲಿ ಖಚಿತಪಡಿಸಿದನು. 2³¹ − 1 ಎಂದರೆ 2147483647, ಹತ್ತು ಅಂಕಿಗಳ ಸಂಖ್ಯೆ. ಉಳಿದ ಮೂರು ಹಾಗೆಯೇ ನಿಂತಿದ್ದವು. ಕಾರಣ ಸರಳವಾದುದು. ಸಂಖ್ಯೆಯೊಂದು ಅವಿಭಾಜ್ಯವೆಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡುವುದೇ ಇದ್ದ ದಾರಿ. 2¹²⁷ − 1 ಎಂಬುದರ ವರ್ಗಮೂಲಕ್ಕೇ ಇಪ್ಪತ್ತು ಅಂಕಿಗಳಿವೆ. ಅದಕ್ಕೆ ಭಾಜಕಗಳಿದ್ದಲ್ಲಿ ಅವು 254ರ ಗುಣಕಕ್ಕೆ ಒಂದನ್ನು ಕೂಡಿಸಿದ ರೂಪದಲ್ಲೇ ಇರಬೇಕೆಂದು ಹಿಂದಿನವರ ಕೆಲಸದಿಂದ ತಿಳಿದಿತ್ತು. ಆದರೂ, ಅಂತಹವುಗಳನ್ನು ಮಾತ್ರ ಆರಿಸಿಕೊಂಡು ಸೆಕೆಂಡಿಗೊಂದರಂತೆ ಹಗಲಿರುಳು ಭಾಗಿಸಿದರೆ ಕೆಲಸ ಮುಗಿಯಲು ನೂರು ಕೋಟಿಗೂ ಹೆಚ್ಚು ವರ್ಷಗಳು ಬೇಕು.

ಲೂಕಾ ಭಾಗಿಸುವ ದಾರಿಯನ್ನೇ ಬಿಟ್ಟನು. ಆತ ಹಿಡಿದದ್ದು, ಹಿಂದಿನ ಎರಡು ಪದಗಳನ್ನು ಕೂಡಿಸಿ ಮುಂದಿನದನ್ನು ಪಡೆಯುವ ಶ್ರೇಣಿಯನ್ನು: 1, 1, 2, 3, 5, 8, 13, 21. ಮೊದಮೊದಲು ಆತ ಇದನ್ನು ಫ್ರೆಂಚ್ ಗಣಿತಜ್ಞ ಲಾಮೆಯ ಹೆಸರಿನಿಂದ ಕರೆದನು. ಪೀಸಾ ನಗರದ ಲಿಯೊನಾರ್ದೊ 1202ರಲ್ಲಿ ಬರೆದ ಗ್ರಂಥವನ್ನು ಇಟಲಿಯ ಬೊಂಕಂಪಾನ್ಯಿ 1857ರಲ್ಲಿ ಅಚ್ಚು ಹಾಕಿಸಿದ್ದನು. ಮೊಲಗಳ ಸಂತಾನವನ್ನು ಲೆಕ್ಕಹಾಕುವ ಸಮಸ್ಯೆಯಲ್ಲಿ ಅದೇ ಶ್ರೇಣಿ ಅಲ್ಲಿತ್ತು. ಇದನ್ನು ಅರಿತ ಮೇಲೆ ಲೂಕಾ ಲಿಯೊನಾರ್ದೊನ ಇನ್ನೊಂದು ಹೆಸರಾದ ಫಿಬೊನಾಚಿಯಿಂದಲೇ ಶ್ರೇಣಿಯನ್ನು ಕರೆದನು. ಇಂದು ಜಗತ್ತು ಬಳಸುವ ಹೆಸರು ಹೀಗೆ ಲೂಕಾ ಕೊಟ್ಟದ್ದು.

ಈ ನಾಮಕರಣ ಇನ್ನೂ ಹಿಂದಕ್ಕೆ ಹೋಗಬಹುದಾಗಿತ್ತು ಎಂಬುದು ಭಾರತೀಯ ಛಂದಶ್ಶಾಸ್ತ್ರ ಬಲ್ಲವರಿಗೆ ಹೊಳೆಯದಿರದು. ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆಯೆಂದು ಇಟ್ಟುಕೊಂಡರೆ ಮೂರು ಮಾತ್ರೆಯ ಗಣಕ್ಕೆ ಮೂರು ರೂಪ, ನಾಲ್ಕು ಮಾತ್ರೆಯ ಗಣಕ್ಕೆ ಐದು, ಐದು ಮಾತ್ರೆಯ ಗಣಕ್ಕೆ ಎಂಟು. ರಗಳೆ ಷಟ್ಪದಿಗಳನ್ನು ಗಣವಿಭಾಗ ಮಾಡುವ ಪ್ರತಿಯೊಬ್ಬ ಕನ್ನಡ ವಿದ್ಯಾರ್ಥಿಗೂ ಇವು ಬಾಯಿಪಾಠ. ಮೂರಕ್ಕೆ ಐದು ಕೂಡಿದರೆ ಎಂಟೇಕೆ ಬರುತ್ತದೆಂದರೆ, ಐದು ಮಾತ್ರೆಯ ಗಣ ಗುರುವಿನಲ್ಲಿ ಮುಗಿದರೆ ಅದರ ಹಿಂದೆ ಮೂರು ಮಾತ್ರೆ, ಲಘುವಿನಲ್ಲಿ ಮುಗಿದರೆ ನಾಲ್ಕು ಮಾತ್ರೆ ಉಳಿಯುತ್ತವೆ. ವಿರಹಾಂಕ, ಗೋಪಾಲ, ಹೇಮಚಂದ್ರ ಈ ನಿಯಮವನ್ನು ಪ್ರಾಕೃತ, ಸಂಸ್ಕೃತ ಛಂದೋಗ್ರಂಥಗಳಲ್ಲಿ ಹೇಳಿದ್ದರು. ಕೊನೆಯವನಾದ ಹೇಮಚಂದ್ರನೂ ಲಿಯೊನಾರ್ದೊನಿಗಿಂತ ಸುಮಾರು ಅರ್ಧ ಶತಮಾನ ಹಿಂದಿನವನು. ಇದು 1985ರಲ್ಲಿ ಗಣಿತದ ಇತಿಹಾಸದ ಪತ್ರಿಕೆಯೊಂದರಲ್ಲಿ ವಿವರವಾಗಿ ಪ್ರಕಟವಾಯಿತು. ಲೂಕಾನ ಕಾಲದ ಯುರೋಪು ಛಂದೋಗ್ರಂಥಗಳನ್ನು ಗಣಿತದ ಗ್ರಂಥಗಳೆಂದು ಓದುತ್ತಿರಲಿಲ್ಲ. ಆದುದರಿಂದ ಆತನನ್ನು ಇದಕ್ಕಾಗಿ ದೂರುವುದು ನ್ಯಾಯವಾಗಲಾರದು. ತಿಳಿದ ಮಟ್ಟಿಗೆ ಹಿಂದಿನವನಿಗೆ ಹಿರಿಮೆ ಸಲ್ಲಿಸಿದ ಪ್ರಾಮಾಣಿಕತೆ ಆತನದು.

ಅದೇ ಕೂಡುವ ನಿಯಮವನ್ನು ಇಟ್ಟುಕೊಂಡು 1, 3 ಎಂದು ಆರಂಭಿಸಿದರೆ 1, 3, 4, 7, 11, 18, 29, 47 ಎಂಬ ಇನ್ನೊಂದು ಶ್ರೇಣಿ ಬರುತ್ತದೆ. ಇದಕ್ಕೆ ಈಗ ಲೂಕಾನ ಹೆಸರೇ ಇದೆ. ಇದರ ಎರಡನೆಯ, ನಾಲ್ಕನೆಯ, ಎಂಟನೆಯ ಪದಗಳು 3, 7, 47. ಈ ಮೂರರಲ್ಲಿ ಪ್ರತಿಯೊಂದರ ವರ್ಗದಿಂದ ಎರಡನ್ನು ಕಳೆದರೆ ಅದರ ಮುಂದಿನದು ಬರುತ್ತದೆ: ಮೂರರ ವರ್ಗ ಒಂಬತ್ತು, ಎರಡು ಕಳೆದರೆ ಏಳು, ಏಳರ ವರ್ಗ ನಲವತ್ತೊಂಬತ್ತು, ಎರಡು ಕಳೆದರೆ ನಲವತ್ತೇಳು. ಲೂಕಾನ ಪರೀಕ್ಷೆಯ ಬೀಜ ಇಲ್ಲಿದೆ. ಪರೀಕ್ಷಿಸಬೇಕಾದ ಸಂಖ್ಯೆಯಿಂದ ಪ್ರತಿ ಹಂತದಲ್ಲೂ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳುತ್ತ ಹೋಗಬೇಕು. ಸರಿಯಾದ ಹಂತದಲ್ಲಿ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ.

ಚಿಕ್ಕ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 2⁷ − 1 ಎಂದರೆ 127. ಮೊದಲ ಮೂರು ಪದಗಳು 3, 7, 47. ನಲವತ್ತೇಳರ ವರ್ಗದಿಂದ ಎರಡು ಕಳೆದರೆ 2207. ಅದನ್ನು 127ರಿಂದ ಭಾಗಿಸಿದರೆ ಶೇಷ 48. ನಲವತ್ತೆಂಟರ ವರ್ಗದಿಂದ ಎರಡು ಕಳೆದರೆ 2302, ಶೇಷ 16. ಹದಿನಾರರ ವರ್ಗದಿಂದ ಎರಡು ಕಳೆದರೆ 254. ಇದು 127ರ ಎರಡರಷ್ಟು, ಶೇಷ ಸೊನ್ನೆ. ಘಾತ ಏಳಾದುದರಿಂದ ಆರನೆಯ ಪದದಲ್ಲಿ ಸೊನ್ನೆ ಬರಬೇಕು, ಬಂದಿತು. 2¹¹ − 1, ಅಂದರೆ 2047ನ್ನು ಹೀಗೆಯೇ ಪರೀಕ್ಷಿಸಿದರೆ ಹತ್ತನೆಯ ಪದದಲ್ಲಿ ಸೊನ್ನೆಯ ಬದಲು 1034 ಉಳಿಯುತ್ತದೆ. ಆದುದರಿಂದ 2047 ಅವಿಭಾಜ್ಯವಲ್ಲ. ಅದು 23 ಮತ್ತು 89ರ ಗುಣಲಬ್ಧವೆಂಬುದು ನಿಜ. ಆದರೆ ಪರೀಕ್ಷೆ ಆ ಭಾಜಕಗಳನ್ನು ಹೇಳುವುದೇ ಇಲ್ಲ. ಭಾಜಕವನ್ನು ಕಾಣದೆಯೇ ಭಾಜಕವುಂಟೆಂದು ಹೇಳುವ, ಎಲ್ಲ ಭಾಜಕಗಳನ್ನೂ ಪ್ರಯತ್ನಿಸದೆಯೇ ಯಾವುದೂ ಇಲ್ಲವೆಂದು ಹೇಳುವ ಈ ಬಗೆ ಅಂದಿಗೆ ಹೊಸದು.

2¹²⁷ − 1 ಎಂಬುದಕ್ಕೆ ಇದೇ ಪರೀಕ್ಷೆಯನ್ನು ಒಡ್ಡಿದರೆ 126ನೆಯ ಪದದಲ್ಲಿ ಸೊನ್ನೆ ಬರಬೇಕು. ಅದಕ್ಕೆ 125 ಸಲ ವರ್ಗ ಮಾಡಬೇಕು. ಒಂದೊಂದು ಸಲವೂ ಮೂವತ್ತೊಂಬತ್ತು ಅಂಕಿಗಳವರೆಗಿನ ಸಂಖ್ಯೆಯ ವರ್ಗ, ಅನಂತರ ಶೇಷ. ನೂರು ಕೋಟಿ ವರ್ಷದ ಕೆಲಸ ಒಬ್ಬ ಮನುಷ್ಯನ ಕೆಲಸವಾಗಿ ಇಳಿಯಿತು. ಆದರೂ ಭಾರವಾದ ಕೆಲಸವೇ. ಲೂಕಾ ಇದನ್ನು ಹಗುರಗೊಳಿಸಲು ದ್ವಿಮಾನ ಪದ್ಧತಿಯನ್ನು ಹಿಡಿದನು. ಆ ಪದ್ಧತಿಯಲ್ಲಿ 2¹²⁷ − 1 ಎಂದರೆ ಸಾಲಾಗಿ ಬರೆದ 127 ಒಂದುಗಳು. ಅದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಯೂ 127 ಮನೆಗಳಲ್ಲಿ ಅಡಗುತ್ತದೆ. ಮನೆಯಲ್ಲಿ ಕಾಯಿಯಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಎರಡರಿಂದ ಗುಣಿಸುವುದೆಂದರೆ ಎಲ್ಲ ಕಾಯಿಗಳನ್ನೂ ಒಂದು ಮನೆ ಎಡಕ್ಕೆ ಸರಿಸುವುದು. ಎಡದ ಅಂಚಿನಿಂದ ಹೊರಬಿದ್ದ ಕಾಯಿಯನ್ನು ಬಲದ ಕೊನೆಯ ಮನೆಗೆ ತಂದಿಟ್ಟರೆ ಶೇಷ ತೆಗೆದಂತಾಯಿತು. ಏಕೆಂದರೆ 2¹²⁷ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಉಳಿಯುವುದು ಒಂದೇ. ವರ್ಗ ಮಾಡಲು ಸಂಖ್ಯೆಯನ್ನು ಹೀಗೆ ಸರಿಸಿ ಸರಿಸಿ ಒಂದರ ಕೆಳಗೊಂದು ಅಡ್ಡಸಾಲುಗಳಲ್ಲಿ ಇಡಬೇಕು. 127 ಅಡ್ಡಸಾಲು, 127 ಕಂಬಸಾಲು ಇರುವ ಮಣೆ ಸಾಕು. ಬಳಿಕ ಒಂದು ಕಂಬಸಾಲಿನಲ್ಲಿ ಎರಡು ಕಾಯಿಗಳಿದ್ದರೆ ಅವನ್ನು ತೆಗೆದು ಎಡಗಡೆಯ ಕಂಬಸಾಲಿನಲ್ಲಿ ಒಂದನ್ನಿಟ್ಟರೆ ಕೂಡಿಸುವಿಕೆಯೂ ಮುಗಿಯುತ್ತದೆ. ಗುಣಾಕಾರವೂ ಭಾಗಾಕಾರವೂ ಚದುರಂಗದಂತಹ ಒಂದು ಆಟವಾಗಿ ಪರಿಣಮಿಸುತ್ತವೆ. ಸ್ಯಾಟಿನ್ನಿನ ಚೌಕದ ಹಾಳೆಯನ್ನು ಬಲ್ಲವನ ಕಲ್ಪನೆ ಇದೆನ್ನಲು ಅಡ್ಡಿಯಿಲ್ಲ.

ಲೂಕಾ ತನ್ನ ಫಲಿತವನ್ನು 1876ರಲ್ಲಿ ಪ್ರಕಟಿಸಿದನು. ಸಿದ್ಧಾಂತದ ವಿಸ್ತಾರವಾದ ನಿರೂಪಣೆ 1878ರಲ್ಲಿ ಅಮೆರಿಕದಲ್ಲಿ ಹೊಸದಾಗಿ ಆರಂಭವಾದ ಗಣಿತ ಪತ್ರಿಕೆಯ ಮೊದಲ ಸಂಪುಟದಲ್ಲೇ ಬಂದಿತು. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಸಿಲ್ವೆಸ್ಟರ್ ಅದರ ಸಂಪಾದಕ. ಆದರೆ ಈ ಬರಹಗಳಲ್ಲಿ ಒಂದು ಕೊರತೆಯಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಲೂಕಾ ಪ್ರಮೇಯಗಳನ್ನು ಧಾರಾಳವಾಗಿ ಹೇಳುತ್ತಿದ್ದನು. ಸಾಧನೆಗಳನ್ನು ಅಷ್ಟು ಧಾರಾಳವಾಗಿ ಕೊಡುತ್ತಿರಲಿಲ್ಲ. ಕೊಟ್ಟ ಸಾಧನೆಗಳಲ್ಲೂ ಅಲ್ಲಲ್ಲಿ ತೆರಪುಗಳಿದ್ದವು. ಮೂವತ್ತೊಂಬತ್ತು ಅಂಕಿಗಳ ಸಂಖ್ಯೆಯ ವಿಷಯದಲ್ಲಿ 125 ಹಂತಗಳ ಲೆಕ್ಕವನ್ನು ಆತ ಪೂರ್ಣವಾಗಿ ಅಚ್ಚುಹಾಕಿಸಲಿಲ್ಲ. ಒಂದು ಹಂತದಲ್ಲಿ ಒಂದು ಕಾಯಿ ತಪ್ಪಿದರೂ ಮುಂದಿನದೆಲ್ಲ ಹಾಳು. ಆತನ ಮಾತನ್ನು ನಂಬಬೇಕೋ ಬೇಡವೋ ಎಂಬುದು ಹಾಗಾಗಿ ನಿಜವಾದ ಪ್ರಶ್ನೆಯೇ ಆಗಿತ್ತು. ಒಂದು ಸಂಗತಿ ಮಾತ್ರ ಲೂಕಾನ ಪಕ್ಷದಲ್ಲಿದೆ. ತಪ್ಪಾದ ಲೆಕ್ಕದಿಂದ ಆಕಸ್ಮಿಕವಾಗಿ ಏನಾದರೊಂದು ಶೇಷ ಬರಬಹುದು. ಆದರೆ ಸರಿಯಾಗಿ 126ನೆಯ ಪದದಲ್ಲಿ, 127 ಮನೆಗಳೂ ಒಟ್ಟಿಗೆ ಬರಿದಾಗುವಂತೆ ಆಕಸ್ಮಿಕ ನಡೆಯುವುದು ಬಹುಮಟ್ಟಿಗೆ ಅಸಂಭವ.

ಲೂಕಾ ಹದಿನೈದನೆಯ ವಯಸ್ಸಿನಲ್ಲಿ ಲೆಕ್ಕವನ್ನು ಆರಂಭಿಸಿ ಹತ್ತೊಂಬತ್ತು ವರ್ಷ ದುಡಿದು ಮುಗಿಸಿದನೆಂಬ ಕಥೆಯೊಂದು ಪ್ರಚಾರದಲ್ಲಿದೆ. ಕೇಳಲು ಸೊಗಸಾದರೂ ಇದನ್ನು ಒಪ್ಪುವುದು ಕಷ್ಟ. ಆತನ ಪರೀಕ್ಷಾಕ್ರಮವೇ 1870ರ ದಶಕದ ನಡುವೆ ರೂಪುಗೊಂಡದ್ದು. ಅದಿಲ್ಲದೆ ಲೆಕ್ಕವನ್ನು ಆರಂಭಿಸುವ ಮಾತೇ ಇಲ್ಲ. ಅದು ಕೈಗೆ ಬಂದ ಮೇಲೆ ಹತ್ತೊಂಬತ್ತು ವರ್ಷಗಳು ಬೇಕಾಗಿಯೂ ಇರಲಿಲ್ಲ. ಲೂಕಾನ ಹಿರಿಮೆ ದೀರ್ಘಕಾಲ ದುಡಿದುದರಲ್ಲಿ ಇಲ್ಲ. ದುಡಿಮೆಯನ್ನು ಕಡಿಮೆ ಮಾಡಿದುದರಲ್ಲಿದೆ.

ಅದೇ ವರ್ಷ ಆತ ಮೆರ್ಸೆನ್ನನ ಪಟ್ಟಿಯಲ್ಲಿದ್ದ 67 ತಪ್ಪೆಂದು ತೋರಿಸಿದನು. 2⁶⁷ − 1 ವಿಭಾಜ್ಯವೆಂದು ಹೇಳಿದನೇ ಹೊರತು ಅದರ ಭಾಜಕಗಳನ್ನು ಹೇಳಲಿಲ್ಲ. ಹೇಳುವುದು ಆತನ ಕ್ರಮದಿಂದ ಸಾಧ್ಯವೂ ಇರಲಿಲ್ಲ. 1903ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಫ್ರಾಂಕ್ ನೆಲ್ಸನ್ ಕೋಲ್ ಆ ಭಾಜಕಗಳನ್ನು ಮುಂದಿಟ್ಟನು: 193707721 ಮತ್ತು 761838257287. ಲೂಕಾನ ಮಾತು ಇಪ್ಪತ್ತೇಳು ವರ್ಷಗಳ ಮೇಲೆ ಕಣ್ಣಿಗೆ ಕಾಣುವಂತೆ ನಿಜವಾಯಿತು. ಮೆರ್ಸೆನ್ನನ ಪಟ್ಟಿಯಲ್ಲಿ ಬಿಟ್ಟುಹೋದವೂ ಇದ್ದವು: 61, 89, 107. ಇವು ಕ್ರಮವಾಗಿ 1883, 1911, 1914ರಲ್ಲಿ ಬೆಳಕಿಗೆ ಬಂದವು. 1914ರಲ್ಲೇ ಫೋಕಂಬೆರ್ಗ್ ಎಂಬ ಫ್ರೆಂಚ್ ಗಣಿತಜ್ಞ 2¹²⁷ − 1ರ ಲೆಕ್ಕವನ್ನು ಸ್ವತಂತ್ರವಾಗಿ ಮಾಡಿ ಅದು ಅವಿಭಾಜ್ಯವೇ ಎಂದು ದೃಢಪಡಿಸಿದನು. ಸಿದ್ಧಾಂತದಲ್ಲಿದ್ದ ತೆರಪುಗಳನ್ನು 1930ರಲ್ಲಿ ಅಮೆರಿಕದ ಡೆರಿಕ್ ಹೆನ್ರಿ ಲೇಮರ್ ತುಂಬಿದನು. 3ರ ಬದಲು 4ರಿಂದ ಆರಂಭಿಸಿದರೆ (4, 14, 194 ಎಂದು ಮುಂದುವರಿದರೆ) ಬೆಸ ಅವಿಭಾಜ್ಯ ಘಾತಗಳೆಲ್ಲಕ್ಕೂ ಒಂದೇ ಪರೀಕ್ಷೆ ಸಾಲುತ್ತದೆಂದು ಆತ ಸಾಧಿಸಿದನು. ಲೂಕಾ–ಲೇಮರ್ ಪರೀಕ್ಷೆಯೆಂದು ಪ್ರಸಿದ್ಧವಾದದ್ದು ಇದೇ.

ಇಂತಹ ಗಹನವಾದ ಕೆಲಸ ಮಾಡಿದವನೇ ಮಕ್ಕಳ ಆಟಿಕೆಗಳನ್ನೂ ರಚಿಸಿದನು. 1883ರಲ್ಲಿ ಪ್ಯಾರಿಸ್ಸಿನ ಅಂಗಡಿಗಳಲ್ಲಿ ಹನೋಯಿ ಗೋಪುರವೆಂಬ ಆಟಿಕೆ ಕಾಣಿಸಿಕೊಂಡಿತು. ಮೂರು ಗೂಟಗಳು, ಒಂದು ಗೂಟದಲ್ಲಿ ದೊಡ್ಡದರ ಮೇಲೆ ಚಿಕ್ಕದಾಗಿ ಪೋಣಿಸಿದ ಎಂಟು ಬಿಲ್ಲೆಗಳು. ಒಂದು ಸಲಕ್ಕೆ ಒಂದೇ ಬಿಲ್ಲೆಯನ್ನು ತೆಗೆಯಬೇಕು, ಚಿಕ್ಕದರ ಮೇಲೆ ದೊಡ್ಡದನ್ನು ಇಡಬಾರದು, ಕೊನೆಗೆ ಇಡೀ ಗೋಪುರ ಬೇರೊಂದು ಗೂಟಕ್ಕೆ ಹೋಗಬೇಕು. ಇದನ್ನು ತಂದವನು ಸಯಾಮಿನ ಎನ್. ಕ್ಲಾಸ್, ಲಿ ಸೂ ಸ್ತಿಯಾನ್ ಎಂಬ ವಿದ್ಯಾಲಯದ ಪ್ರಾಧ್ಯಾಪಕ ಎಂದು ಪೆಟ್ಟಿಗೆಯ ಮೇಲಿತ್ತು. ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ಮೊದಲನೆಯದು ಆಮಿಯೇನಿನ ಲೂಕಾ ಎಂದೂ ಎರಡನೆಯದು ಸೇಂ ಲೂಯಿ ಎಂದೂ ಆಗುತ್ತದೆ. ಚಿತ್ರಕವಿತ್ವದ ಪರಿಚಯವಿರುವ ಕನ್ನಡ ಓದುಗರಿಗೆ ಈ ಚಮತ್ಕಾರ ಹೊಸದೇನಲ್ಲ.

ಆಟಿಕೆಯೊಡನೆ ಒಂದು ಕಥೆಯೂ ಹರಡಿತು. ಕಾಶಿಯ ದೇವಾಲಯವೊಂದರಲ್ಲಿ ಮೂರು ವಜ್ರದ ಸೂಜಿಗಳಿವೆ, ಅವುಗಳಲ್ಲಿ ಅರವತ್ತನಾಲ್ಕು ಚಿನ್ನದ ಬಿಲ್ಲೆಗಳಿವೆ, ಬ್ರಾಹ್ಮಣರು ಹಗಲಿರುಳೂ ಅವನ್ನು ಸಾಗಿಸುತ್ತಿದ್ದಾರೆ, ಕೆಲಸ ಮುಗಿದ ದಿನ ಲೋಕವೂ ಮುಗಿಯುತ್ತದೆ ಎಂಬುದು ಕಥೆ. ಇಂತಹ ದೇವಾಲಯ ಕಾಶಿಯಲ್ಲಿಲ್ಲ. ಇದು ಫ್ರಾನ್ಸಿನಲ್ಲಿ ಆಟಿಕೆಗಾಗಿ ಹೊಸೆದ ಪುರಾಣ. ಆದರೂ ಶತಮಾನಕ್ಕೂ ಹೆಚ್ಚು ಕಾಲದಿಂದ ಇದು ಭಾರತದ ಪ್ರಾಚೀನ ಐತಿಹ್ಯವೆಂಬಂತೆ ಪುಸ್ತಕದಿಂದ ಪುಸ್ತಕಕ್ಕೆ ಸಾಗಿ, ಭಾರತೀಯ ಭಾಷೆಗಳ ಪಠ್ಯಗಳಿಗೂ ಮರಳಿ ಬಂದಿದೆ. ಕಥೆ ಸುಳ್ಳಾದರೂ ಲೆಕ್ಕ ನಿಜ. ಬಿಲ್ಲೆಗಳು ಎಷ್ಟೋ, ಎರಡರ ಅಷ್ಟನೆಯ ಘಾತದಿಂದ ಒಂದನ್ನು ಕಳೆದಷ್ಟು ನಡೆಗಳು ಬೇಕು. ಎಂಟು ಬಿಲ್ಲೆಗೆ 255. ಅರವತ್ತನಾಲ್ಕಕ್ಕೆ 18446744073709551615, ಸೆಕೆಂಡಿಗೊಂದು ನಡೆಯಾದರೆ ಸುಮಾರು 58,000 ಕೋಟಿ ವರ್ಷ. ಚದುರಂಗದ ಮನೆಗಳಲ್ಲಿ ಧಾನ್ಯವನ್ನು ಇಮ್ಮಡಿಸುತ್ತ ಹೋಗುವ ಹಳೆಯ ಕಥೆಯಲ್ಲಿ ಬರುವುದೂ ಇದೇ ಸಂಖ್ಯೆ. ಇದು ಅವಿಭಾಜ್ಯವಲ್ಲ, ಮೂರರಿಂದಲೇ ಭಾಗವಾಗುತ್ತದೆ. ಗೋಪುರಕ್ಕೆ ಏಳು ಬಿಲ್ಲೆಗಳಿದ್ದರೆ ನಡೆಗಳು 127. ಬಿಲ್ಲೆಗಳು 127 ಇದ್ದರೆ ನಡೆಗಳ ಎಣಿಕೆ ಲೂಕಾ ಏಳು ವರ್ಷಗಳ ಹಿಂದೆ ಸಾರಿದ ಆ ಮೂವತ್ತೊಂಬತ್ತು ಅಂಕಿಗಳ ಸಂಖ್ಯೆಯೇ. ಆಟಿಕೆಯೂ ಅವಿಭಾಜ್ಯ ಸಂಖ್ಯೆಯೂ ಒಂದೇ ಮನಸ್ಸಿನ ಒಂದೇ ಆಸಕ್ತಿಯಿಂದ ಹೊರಟವು.

ಗಣಿತದ ವಿನೋದಗಳನ್ನು ಕುರಿತು ಆತ ಬರೆದ ನಾಲ್ಕು ಸಂಪುಟಗಳಲ್ಲಿ ಎರಡು 1882, 1883ರಲ್ಲೂ ಉಳಿದೆರಡು ಆತನ ಮರಣಾನಂತರವೂ ಹೊರಬಂದವು. ಚುಕ್ಕಿಗಳನ್ನು ಗೆರೆಗಳಿಂದ ಸೇರಿಸಿ ಚೌಕಗಳನ್ನು ಗೆಲ್ಲುವ, ಶಾಲೆಯ ಮಕ್ಕಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಆಡುವ ಆಟವನ್ನು ಬರಹದಲ್ಲಿ ಮೊದಲು ವಿವರಿಸಿದವನೂ ಆತನೇ. 1875ರಲ್ಲಿ ಆತ ಕೇಳಿದ ಪ್ರಶ್ನೆಯೊಂದು ಫಿರಂಗಿದಳದ ನೆನಪನ್ನು ತರುತ್ತದೆ: ಚೌಕ ತಳದ ಗೋಪುರವಾಗಿ ಪೇರಿಸಿದ ಗುಂಡುಗಳನ್ನು ಒಂದೇ ಚೌಕವಾಗಿ ನೆಲದ ಮೇಲೆ ಹರಡಲು ಎಷ್ಟು ಗುಂಡುಗಳಿರಬೇಕು? ಒಂದರಿಂದ ಇಪ್ಪತ್ತನಾಲ್ಕರವರೆಗಿನ ವರ್ಗಗಳ ಮೊತ್ತ 4900, ಅದು ಎಪ್ಪತ್ತರ ವರ್ಗ. ಒಂದೇ ಗುಂಡಿನ ಸಂದರ್ಭವನ್ನು ಬಿಟ್ಟರೆ ಬೇರೆ ಉತ್ತರವಿಲ್ಲವೆಂದು ಲೂಕಾ ಹೇಳಿದನು. ಪೂರ್ಣ ಸಾಧನೆ 1918ರಲ್ಲಿ ವಾಟ್ಸನ್ನಿನಿಂದ ಬಂದಿತು. ಇಲ್ಲಿಯೂ ಅದೇ ಕಥೆ. ಕಾಣುವುದು ಲೂಕಾ, ಸಾಧಿಸುವುದು ಇನ್ನೊಬ್ಬರು.

ಸಂಖ್ಯಾಸಿದ್ಧಾಂತವನ್ನು ಕುರಿತ ಆತನ ದೊಡ್ಡ ಗ್ರಂಥದ ಮೊದಲ ಸಂಪುಟ 1891ರಲ್ಲಿ ಪ್ರಕಟವಾಯಿತು. ಮುಂದಿನ ಸಂಪುಟಗಳು ಬರಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಮಾರ್ಸೇ ನಗರದಲ್ಲಿ ಫ್ರೆಂಚ್ ವಿಜ್ಞಾನ ಪ್ರಗತಿ ಸಂಘದ ವಾರ್ಷಿಕ ಅಧಿವೇಶನ ನಡೆಯಿತು. ವಿಶ್ವವಿದ್ಯಾಲಯದ ಪೀಠವಿಲ್ಲದ ಲೂಕಾನಿಗೆ ಈ ಸಂಘವೇ ವಿದ್ವತ್ಸಭೆಯಾಗಿತ್ತು. ವರ್ಷವರ್ಷವೂ ಆತ ಅಲ್ಲಿ ಪ್ರಬಂಧಗಳನ್ನು ಓದುತ್ತಿದ್ದನು. ಅಧಿವೇಶನದ ಔತಣದಲ್ಲಿ ಬಡಿಸುವವನೊಬ್ಬನ ಕೈಯಿಂದ ಪಿಂಗಾಣಿ ತಟ್ಟೆಗಳು ಜಾರಿ ಬಿದ್ದು ಒಡೆದವು. ಸಿಡಿದ ಚೂರೊಂದು ಲೂಕಾನ ಕೆನ್ನೆಯನ್ನು ಕೊಯ್ದಿತು. ಗಾಯ ಎರಿಸಿಪೆಲಸ್ ಎಂಬ ಚರ್ಮದ ಸೋಂಕಿಗೆ ತಿರುಗಿತು. ಅಂದಿಗೆ ಅದಕ್ಕೆ ಔಷಧವಿರಲಿಲ್ಲ; ಪೆನಿಸಿಲಿನ್ ಬರಲು ಇನ್ನೂ ಅರ್ಧ ಶತಮಾನವಿತ್ತು. 1891ರ ಅಕ್ಟೋಬರ್ 3ರಂದು ಪ್ಯಾರಿಸ್ಸಿನಲ್ಲಿ, ತನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಲೂಕಾ ತೀರಿಕೊಂಡನು.

ಆತನ ಸಂಖ್ಯೆಯ ಪಟ್ಟ 1951ರಲ್ಲಿ ಹೋಯಿತು. ಆ ವರ್ಷ ಫೆರಿಯೆ ಎಂಬಾತ ಮೇಜಿನ ಮೇಲಿಡುವ ಲೆಕ್ಕದ ಯಂತ್ರದಿಂದ ನಲವತ್ತನಾಲ್ಕು ಅಂಕಿಗಳ ಅವಿಭಾಜ್ಯವನ್ನು ಕಂಡುಹಿಡಿದನು. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಮಿಲ್ಲರ್ ಮತ್ತು ವೀಲರ್ ವಿದ್ಯುನ್ಮಾನ ಗಣಕದ ನೆರವಿನಿಂದ ಎಪ್ಪತ್ತೊಂಬತ್ತು ಅಂಕಿಗಳದೊಂದನ್ನು ಪಡೆದರು. ಈ ಎರಡನೆಯದನ್ನು ಕಟ್ಟಿದ್ದು ಲೂಕಾನ ಸಂಖ್ಯೆಯಿಂದಲೇ: 2¹²⁷ − 1ರ ವರ್ಗವನ್ನು 180ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಅದು ಬರುತ್ತದೆ. 1952ರ ಜನವರಿ 30ರಂದು ಲಾಸ್ ಏಂಜಲೀಸ್‌ನ ಗಣಕವೊಂದು ಲೂಕಾ–ಲೇಮರ್ ಪರೀಕ್ಷೆಯನ್ನು ನಡೆಸಿ 2⁵²¹ − 1 ಮತ್ತು 2⁶⁰⁷ − 1 ಅವಿಭಾಜ್ಯಗಳೆಂದು ತೋರಿಸಿತು. ಎಂದೂ ಮುದ್ರಣಕ್ಕೆ ಬರದ 125 ಹಂತಗಳ ಲೆಕ್ಕದಂತಹದೇ ಲೆಕ್ಕ ಯಂತ್ರದಲ್ಲಿ ನಿಮಿಷಗಳ ಕೆಲಸವಾಯಿತು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಅವಿಭಾಜ್ಯ ಸಂಖ್ಯೆ ಎರಡರ 136279841ನೆಯ ಘಾತದಿಂದ ಒಂದನ್ನು ಕಳೆದದ್ದು. ಅದರಲ್ಲಿ 4,10,24,320 ಅಂಕಿಗಳಿವೆ. ಅದನ್ನೂ ಕೊನೆಗೆ ಖಚಿತಪಡಿಸಿದ್ದು ಹಿಂದಿನ ಪದದ ವರ್ಗ ಮಾಡಿ ಎರಡು ಕಳೆಯುವ ಅದೇ ಕ್ರಮದಿಂದ. ಆದರೂ ಯಾವ ಯಂತ್ರವೂ ಇಲ್ಲದೆ, ಬರಿಯ ಕೈಲೆಕ್ಕದಿಂದ ದೊರೆತ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಎಂಬ ಸ್ಥಾನ 2¹²⁷ − 1 ಎಂಬುದಕ್ಕೇ ಉಳಿದಿದೆ.

ಲೂಕಾನ ಘೋಷಣೆಯನ್ನು ಕಂಡ ಬೆಲ್ಜಿಯಮ್ಮಿನ ಗಣಿತಜ್ಞ ಕತಲಾನ್ 1876ರಲ್ಲೇ ಒಂದು ಸರಪಳಿಯನ್ನು ಗಮನಿಸಿದ್ದನು. ಎರಡರಿಂದ ಆರಂಭಿಸಿ, ಬಂದ ಸಂಖ್ಯೆಯನ್ನೇ ಎರಡರ ಘಾತವಾಗಿಟ್ಟು ಒಂದನ್ನು ಕಳೆಯುತ್ತ ಹೋದರೆ 2, 3, 7, 127, ಅನಂತರ 2¹²⁷ − 1 ಬರುತ್ತದೆ. ಐದೂ ಅವಿಭಾಜ್ಯಗಳು. ಆರನೆಯದು ಲೂಕಾನ ಸಂಖ್ಯೆಯನ್ನೇ ಘಾತವಾಗಿ ಉಳ್ಳದ್ದು. ಅದರ ಅಂಕಿಗಳೆಷ್ಟು ಎಂದು ಬರೆಯುವುದಕ್ಕೇ ಮೂವತ್ತೆಂಟು ಅಂಕಿಗಳು ಬೇಕು. ಅದನ್ನು ಪರೀಕ್ಷಿಸಲು ಲೂಕಾನ ಕ್ರಮದಲ್ಲಿ ಮಾಡಬೇಕಾದ ವರ್ಗಗಳ ಎಣಿಕೆ ಅವನ ಸಂಖ್ಯೆಗಿಂತ ಎರಡು ಮಾತ್ರ ಕಡಿಮೆ. ಚಿಕ್ಕ ಭಾಜಕಗಳಿಗಾಗಿ ಹುಡುಕಿದವರಿಗೆ ಇದುವರೆಗೆ ಒಂದೂ ದೊರೆತಿಲ್ಲ.